ಬಣ್ಣಕ್ಕೆ ಮುಂಚಿನ ತೂಕ

ಗೇಟನ್ನು ತೂಗಬೇಕಾದದ್ದು ಬಣ್ಣ ಬಳಿಯುವ ಮುಂಚೆ. ಆ ಬೀದಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಇದು ಎಲ್ಲೂ ಬರೆದಿಡದ, ಆದರೆ ಯಾರೂ ಮೀರದ ಕಾಯಿದೆ. ಗಿರಾಕಿ ಎದುರಿಗೆ ನಿಂತಿರಬೇಕು, ಕಬ್ಬಿಣ ಬೆತ್ತಲೆಯಾಗಿರಬೇಕು, ತಕ್ಕಡಿಯ ಮುಳ್ಳು ಅಲ್ಲಾಡುವುದನ್ನು ನಿಲ್ಲಿಸುವ ತನಕ ಯಾರೂ ಗೇಟಿಗೆ ಕೈ ತಾಗಿಸಬಾರದು. ಸಂದಿಗೊಂದಿಗೆಲ್ಲ ಪುಟ್ಟಿ ಮೆತ್ತಿ, ಮೇಲೆ ಎರಡು ಕೋಟು ಬಣ್ಣ ಹೊಡೆದು, ಆಮೇಲೆ ತೂಕಕ್ಕೆ ಹಾಕಿ ಕಿಲೋ ಲೆಕ್ಕದಲ್ಲಿ ದುಡ್ಡು ಕೇಳುವವನನ್ನು ಬೀದಿಯವರು ಕಳ್ಳ ಅಂತಲೇ ಕರೆಯುತ್ತಿದ್ದರು. ಅವನ ಅಂಗಡಿಯಲ್ಲಿ ಚಹಾ ಕೂಡ ಕುಡಿಯುತ್ತಿರಲಿಲ್ಲ.

ಕಿಡಿಯ ಅಂಗಡಿ ಬೀದಿಯ ತುದಿಯದು. ಕಿಡಿ ಅನ್ನುವುದು ಅವನಿಗೆ ಹುಟ್ಟಿದಾಗ ಇಟ್ಟ ಹೆಸರಲ್ಲ. ವೆಲ್ಡಿಂಗ್ ರಾಡಿನಿಂದ ಹಾರುವುದಕ್ಕಿಂತ ಅವನ ಬಾಯಿಂದ ಹಾರುವುದೇ ಜಾಸ್ತಿ ಅಂತ ಅಕ್ಕಪಕ್ಕದವರು ಇಟ್ಟಿದ್ದು. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದಾಗ ಮೇಲಿಂದ ಇಳಿದವನು ನೇರ ಗೇಟು ದಾಟಿ ಹೊರಟ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ಆವತ್ತು ಕಲಿಸುತ್ತಿದ್ದದ್ದು ಸರಾಸರಿ. ಅದು ಅವನಿಗೆ ಇವತ್ತಿಗೂ ಅರ್ಥವಾಗದ ಸಂಗತಿ. ಒಬ್ಬ ಹತ್ತು ಗೇಟು ಮಾಡಿ, ಪಕ್ಕದವನು ಒಂದೂ ಮಾಡದೆ ಮಲಗಿದರೆ, ಇಬ್ಬರೂ ಐದೈದು ಮಾಡಿದರು ಅನ್ನುವುದು ಯಾವ ಸೀಮೆಯ ನ್ಯಾಯ?

ಆವತ್ತು ಬೆಳಿಗ್ಗೆ ಅವನು ಕಿಟಕಿಯ ಸರಳು ಕತ್ತರಿಸುತ್ತಿದ್ದಾಗ ಚಿಕ್ಕಮ್ಮ ಬಂದಳು. ಅಮ್ಮನ ಸ್ವಂತ ತಂಗಿ. ಆಸ್ಪತ್ರೆಯೊಂದರಲ್ಲಿ ಚಾದರ, ತಲೆದಿಂಬಿನ ಚೀಲ ಒಗೆಯುವ ಕೆಲಸ; ಬಿಸಿನೀರಿಗೂ ಸೋಪಿನ ಪುಡಿಗೂ ಕೈ ಸದಾ ಬೆಂದಂತೆ ಕೆಂಪಗೆ. ಹಿಂದೆ ಅವಳ ಮಗಳು. ಈ ಹುಡುಗಿಗೆ ಮನೆಯವರೆಲ್ಲ ಯಾಕಮ್ಮ ಅನ್ನುತ್ತಿದ್ದರು. ಮಾತು ಬಂದಾಗಿನಿಂದ ಅವಳು 'ಯಾಕೆ' ಅನ್ನುವುದನ್ನು ಬಿಟ್ಟು ಬೇರೆ ಕೇಳಿದವಳಲ್ಲ. ಗ್ರೈಂಡರ್ ಕಲ್ಲಿನ ಕಿಡಿ ಮೈಮೇಲೆ ಬಿದ್ದರೂ ಯಾಕೆ ಸುಡುವುದಿಲ್ಲ ಅಂತ ಐದು ವರ್ಷದವಳಿದ್ದಾಗ ಕೇಳಿ ಕಿಡಿಯ ತಲೆ ತಿಂದಿದ್ದಳು. ಅದಕ್ಕೆ ಉತ್ತರ ಹೇಳಿದ್ದು ಕಿಡಿಯಲ್ಲ, ಅವನ ತಂಗಿ. ಆವತ್ತಿನಿಂದ ಯಾಕಮ್ಮನಿಗೆ ಅಕ್ಕ ಅಂದರೆ ದೇವರು.

ಚಿಕ್ಕಮ್ಮ ಕೂರಲಿಲ್ಲ. ಬಂದ ವಿಷಯ ನಿಂತೇ ಹೇಳಿದಳು. ಯಾಕಮ್ಮ ಅಕ್ಕ ಓದಿದ ಕಾಲೇಜಿಗೇ, ಅಕ್ಕ ಓದಿದ ಕೆಮಿಸ್ಟ್ರಿಗೇ ಸೇರುತ್ತಾಳಂತೆ. ಸಾಲಕ್ಕೆ ಬ್ಯಾಂಕಿನವರು ಒಪ್ಪಿದ್ದಾರೆ, ಆದರೆ ಜಾಮೀನು ಬೇಕು. ಚಾದರ ಒಗೆಯುವವಳ ಸೈನು ಬ್ಯಾಂಕಿಗೆ ಸಾಲದು. ಸ್ವಂತ ಅಂಗಡಿ ಇದ್ದವನು ಬೇಕು.

"ಒಂದು ಸೈನು ಕಣೋ. ನಿನ್ನ ತಂಗಿಗೆ ಹಾಕಿದ್ದೀಯಲ್ಲ, ಅದೇ ಕೈ, ಅದೇ ಪೆನ್ನು."

ಕಿಡಿ ಕನ್ನಡಕ ತೆಗೆದು ಬೇಡ ಅಂದ. ಆ ಕಾಲೇಜು ಬೇಡ, ಆ ಸಾಲ ಬೇಡ. ಯಾಕೆ ಅಂತ ಯಾಕಮ್ಮ ಕೇಳಿಯೇ ಕೇಳಿದಳು. ಅವನು ಸರಳಿನ ಕಡೆ ತಿರುಗಿದ. ಅಷ್ಟರಲ್ಲಿ ಚಿಕ್ಕಮ್ಮನ ಮುಖ ಬೇರೆಯಾಗಿತ್ತು.

"ಗೊತ್ತಾಯ್ತು ಬಿಡು. ನಿನ್ನ ತಂಗಿ ತಿಂಗಳಿಗೆ ಮೂವತ್ತು ಸಾವಿರ ಎಣಿಸಬಹುದು. ನನ್ನ ಮಗಳು ಮಾತ್ರ ರೋಗಿಗಳ ಚಾದರ ಒಗೀಬೇಕು."

ತಂಗಿಗೆ ಬರುತ್ತಿದ್ದದ್ದು ಹದಿಮೂರು ಸಾವಿರ. ಕೆಲಸ ಸಿಕ್ಕಿದ ತಿಂಗಳು ಪಕ್ಕದ ಮನೆಯವಳು ಕೇಳಿದಾಗ ಅಮ್ಮ ಮರ್ಯಾದೆಗೆ ಅಂಜಿ ಇಪ್ಪತ್ತು ಅಂದಿದ್ದಳು. ಬೀದಿ ದಾಟುವಷ್ಟರಲ್ಲಿ ಅದು ಇಪ್ಪತ್ತೈದಾಯಿತು. ಮೂವತ್ತಕ್ಕೆ ಏರಿಸಿದವರು ಯಾರೋ, ಕಿಡಿ ಯೋಚಿಸಲು ಹೋಗಿರಲಿಲ್ಲ. ಸಾಲಕ್ಕಿಂತ ಬೇಗ ಸುಳ್ಳಿಗೆ ಬಡ್ಡಿ ಬೆಳೆದಿತ್ತು. ಈಗ ಅದನ್ನು ತೀರಿಸುವ ದಾರಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಕಾಲೇಜಿನಲ್ಲಿ ತಂದೆತಾಯಿಗಳ ಸಭೆ ಇದೆ, ನೀನೇ ಬಂದು ಕೇಳು, ಆಮೇಲೂ ಬೇಡ ಅಂದರೆ ನಿನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಅಂತ ಹೇಳಿ ಚಿಕ್ಕಮ್ಮ ಹೊರಟಳು. ಯಾಕಮ್ಮ ತಿರುಗಿ ನೋಡಿದಳು. ಆ ನೋಟದಲ್ಲೂ ಒಂದು ಯಾಕೆ ಇತ್ತು.

ಸಂಜೆ ಊಟಕ್ಕೆ ಕೂತಾಗ ಕಿಡಿ ಇದನ್ನೆಲ್ಲ ತಂಗಿಯ ಮುಂದೆ ಸುರಿದ. ಅವಳು ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ ಕೇಳಿದಳು. ಬೆರಳ ತುದಿಗಳು ಹಳದಿ. ಆಸಿಡ್ ತಾಗಿದ ಕಲೆ. ತೊಳೆದರೆ ಹೋಗುವುದಿಲ್ಲ, ಆ ಚರ್ಮ ಉದುರಿ ಹೊಸದು ಬಂದಾಗಲೇ ಹೋಗಬೇಕು. ಕೈಗವಸು ಯಾಕೆ ಹಾಕುವುದಿಲ್ಲ ಅಂತ ಅವನು ಎಷ್ಟೋ ಸಲ ರೇಗಿದ್ದ. ಲ್ಯಾಬಿನವರು ತಿಂಗಳಿಗೊಂದು ಜೊತೆ ಕೊಡುತ್ತಾರೆ, ಅದು ಮೊದಲ ವಾರವೇ ಹರಿಯುತ್ತದೆ ಅಂತ ಅವಳು ಎಷ್ಟೋ ಸಲ ಹೇಳಿದ್ದಳು. ಕಾರ್ಖಾನೆಗಳಿಂದ ಬರುವ ನೀರಿನ ಬಾಟಲಿಗಳನ್ನು ಪರೀಕ್ಷೆ ಮಾಡುವ ಲ್ಯಾಬು ಅದು. ಹನಿ ಹನಿಯಾಗಿ ಬಿಟ್ಟು, ಬಣ್ಣ ತಿರುಗುವುದನ್ನು ಕಾದು, ಅಂಕಿ ಕಂಡುಹಿಡಿಯುವವಳು ಇವಳು. ಅದರ ಕೆಳಗೆ ಸೈನು ಹಾಕುವವರು ಬೇರೆ, ಅವರ ಸಂಬಳವೂ ಬೇರೆ. ಇವಳು ಲ್ಯಾಬಿನವಳೂ ಅಲ್ಲ, ಗುತ್ತಿಗೆದಾರನ ಕಡೆಯವಳು.

ಹದಿಮೂರರಲ್ಲಿ ಒಂಬತ್ತು ಸಾವಿರ ಕಂತಿಗೆ. ಉಳಿದ ನಾಲ್ಕರಲ್ಲಿ ಬಸ್ಸು, ಚಪ್ಪಲಿ, ತಲೆನೋವಿನ ಮಾತ್ರೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಮೂಗುತಿ ಮೂಗನ್ನೇ ಹರಿದುಕೊಂಡು ಕೆಳಗೆ ಎಳೆಯುತ್ತಿತ್ತು. ಕಿಡಿಯ ಅಂಗಡಿಯಲ್ಲಿ ಗೇಟು ಎತ್ತಿ ಹಿಡಿಯುವ ಆಳು, ಕತೆ ಹೇಳುತ್ತ ಅರ್ಧ ದಿನ ಕಳೆಯುವವನು, ಹದಿನಾರು ಒಯ್ಯುತ್ತಿದ್ದ. ಮೂರು ವರ್ಷ ರಾತ್ರಿ ಹಗಲು ಓದಿದವಳಿಗೆ ಹದಿಮೂರು. ಇದನ್ನು ನೆನೆದಾಗೆಲ್ಲ ಕಿಡಿಗೆ ಯಾರನ್ನಾದರೂ ಹಿಡಿದು ಬಾರಿಸಬೇಕು ಅನ್ನಿಸುತ್ತಿತ್ತು. ಯಾರನ್ನು ಅನ್ನುವುದೇ ತಿಳಿಯುತ್ತಿರಲಿಲ್ಲ.

"ಬೆಂಕಿ ಹಾಕು ಆ ಕೆಮಿಸ್ಟ್ರಿಗೆ" ಅಂದ.

"ಕೆಲಸ ಚೆನ್ನಾಗಿದೆ ಅಣ್ಣ. ಸಂಬಳ ಚೆನ್ನಾಗಿಲ್ಲ. ಎರಡನ್ನೂ ಒಟ್ಟಿಗೆ ಬೈಬೇಡ."

ಅಮ್ಮ ನಡುವೆ ಬಾಯಿ ಹಾಕಿ, ಚಿಕ್ಕಮ್ಮನಿಗೆ ಏನಾದರೂ ಬೇರೆ ನೆಪ ಹೇಳು ಅಂದಳು. ಅಂಗಡಿಯ ಮೇಲೆ ಸಾಲ ಇದೆ ಅನ್ನು, ಬ್ಯಾಂಕಿನವರು ಎರಡನೇ ಜಾಮೀನು ಒಪ್ಪುವುದಿಲ್ಲ ಅನ್ನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಿಡಿ ತಟ್ಟೆ ಸರಿಸಿದ. ಕೋಲು ಯಾವತ್ತೋ ಮುರಿದಿದೆ ಅಮ್ಮ, ಹಾವು ಮಾತ್ರ ದಿನಾ ಹಾಲು ಕುಡಿಯುತ್ತಿದೆ ಅಂದ.

ತಂಗಿ ಅವನ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿದಳು. ಬಸ್ ಸ್ಟಾಪಿನ ಮೇಲೆ ಕಾಲೇಜಿನವರು ಹಾಕಿದ ದೊಡ್ಡ ಬೋರ್ಡಿನಲ್ಲಿ ಅವಳದೇ ಫೋಟೊ ಇತ್ತು. ಬಿಳಿ ಕೋಟು, ಕೈಯಲ್ಲಿ ನೀಲಿ ನೀರಿನ ಗಾಜು, ಬಾಯ್ತುಂಬ ನಗು, ಕೆಳಗೆ 'ಸರಾಸರಿ ಸಂಬಳ ಇಪ್ಪತ್ತೆಂಟು ಸಾವಿರ'. ಕೊನೇ ವರ್ಷ ಎಲ್ಲರನ್ನೂ ನಿಲ್ಲಿಸಿ ತೆಗೆದ ಫೋಟೊ; ಏನಕ್ಕೆ ಅಂತ ಯಾರೂ ಹೇಳಿರಲಿಲ್ಲ.

"ದಿನಾ ಅದರ ಕೆಳಗೇ ಬಸ್ಸಿಗೆ ಕಾಯ್ತೀನಿ. ನನ್ನ ಮುಖ ನನ್ನನ್ನೇ ನೋಡಿ ನಗ್ತಿರುತ್ತೆ" ಅಂದಳು. ಆಮೇಲೆ ದನಿ ತಗ್ಗಿಸಿ, "ಸೈನು ಹಾಕಬೇಡ. ಆದರೆ ನನ್ನ ಸಂಬಳ ನನ್ನ ಬಾಯಿಂದ ಬರಲಿ. ಯಾಕಮ್ಮನಿಗೆ ನಾನೇ ಹೇಳ್ತೀನಿ. ನೀನು ಎಲ್ಲರೆದುರು ಕೂಗಬೇಡ."

ಕೂಗಲ್ಲ ಅಂದ. ತಂಗಿ ಅವನ ಕೈ ಹಿಡಿದು ಮಾತು ಕೊಡು ಅಂದಳು. ಕೊಟ್ಟ.

ಶನಿವಾರದ ಸಭೆ ನಡೆದದ್ದು ಮಂಜಿನಷ್ಟು ತಣ್ಣಗಿದ್ದ ಸಭಾಂಗಣದಲ್ಲಿ. ಕುರ್ಚಿಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಹಾಳೆ ಇತ್ತು, ಕೂತರೆ ಚರಚರ ಸದ್ದು. ಪ್ರತಿ ಕುರ್ಚಿಗೆ ಒಂದು ನೀರಿನ ಬಾಟಲಿ, ಸೇರುವ ಅರ್ಜಿ, ಒಂದು ಪೆನ್ನು. ಪೆನ್ನು ಪುಕ್ಕಟೆ ಅಂತ ಚಿಕ್ಕಮ್ಮ ಎರಡು ತೆಗೆದುಕೊಂಡಳು. ಸುತ್ತ ಕೂತಿದ್ದವರೆಲ್ಲ ಅವಳಂಥವರೇ: ತೊಳೆದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ, ಪಕ್ಕದಲ್ಲಿ ಮಗಳೋ ಮಗನೋ. ಲಾರಿ ಓಡಿಸುವವನೊಬ್ಬ ಕೈಯ ಗ್ರೀಸು ಕಾಣದಿರಲಿ ಅಂತ ಮುಷ್ಟಿ ಬಿಗಿದು ಕೂತಿದ್ದ.

ವೇದಿಕೆ ಹತ್ತಿದವನು ಟೈ ಕಟ್ಟಿದ್ದ. ಮಕ್ಕಳನ್ನು ಕಾಲೇಜಿಗೆ ಸೇರಿಸಿಕೊಳ್ಳುವುದೇ ಅವನ ಕೆಲಸ. ಮಾತು ಬೆಣ್ಣೆಯಲ್ಲಿ ಕೂದಲು ಎಳೆದಂತೆ. ಸಾಲ ಅನ್ನುವ ಪದವನ್ನೇ ಅವನು ಆಡಲಿಲ್ಲ, ಬಂಡವಾಳ ಅಂದ. ಕಂತು ಅನ್ನಲಿಲ್ಲ, ಸಂಬಳದ ಸಣ್ಣ ಪಾಲು ಅಂದ. ಹಿಂದಿನ ಪರದೆಯ ಮೇಲೆ ತಂಗಿಯ ಮುಖ ಬಂತು, ಗೋಡೆಯಷ್ಟು ದೊಡ್ಡದು. ಪಕ್ಕದಲ್ಲಿ ಇಪ್ಪತ್ತೆಂಟು ಸಾವಿರ. ಚಿಕ್ಕಮ್ಮ ಮುಂದಿನ ಸಾಲಿನವಳನ್ನು ತಟ್ಟಿ, ನನ್ನ ಅಕ್ಕನ ಮಗಳು ಅಂತ ಹೇಳಿಕೊಂಡಳು. ಯಾಕಮ್ಮನ ಕಣ್ಣು ಆ ಪರದೆಯನ್ನು ಬಿಟ್ಟು ಕದಲಲಿಲ್ಲ. ಲಾರಿಯವನು ಮುಷ್ಟಿ ಬಿಚ್ಚಿ ಪೆನ್ನು ಹಿಡಿದ.

ಆ ಪೆನ್ನು ನೋಡಿ ಕಿಡಿ ಎದ್ದು ನಿಂತ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಕತೆ ಕೇಳಿದ್ದ. ಆಳ ನೋಡುವುದಕ್ಕೆ ಮಕ್ಕಳಿಂದಲೇ ಫೀಸು ತೆಗೆದುಕೊಳ್ಳುವವರನ್ನು ಇವತ್ತೇ ಕಂಡ.

"ಸ್ವಾಮಿ, ಈ ಇಪ್ಪತ್ತೆಂಟು ಯಾರನ್ನ ತೂಗಿ ಬಂತು?"

ಟೈಯವನು ನಕ್ಕ. ಒಳ್ಳೆಯ ಪ್ರಶ್ನೆ ಅಂದ. ಓದಿ ಹೋದ ಪ್ರತಿ ವಿದ್ಯಾರ್ಥಿಯ ಮನೆಗೂ ನಮ್ಮ ಆಫೀಸಿನಿಂದ ಫೋನ್ ಮಾಡುತ್ತೇವೆ ಅಂದ. ಮನೆಯವರು ಹೇಳಿದ್ದನ್ನು ಹೇಳಿದ ಹಾಗೇ ಹಾಕಿಕೊಳ್ಳುತ್ತೇವೆ, ಒಂದು ಕಾಸೂ ನಾವು ಸೇರಿಸುವುದಿಲ್ಲ ಅಂದ. ಪರದೆಯ ಕಡೆ ಕೈ ತೋರಿಸಿ, "ಈ ಹುಡುಗಿಯದೂ ಅಷ್ಟೇ ಸರ್. ಅವರ ಮನೆಯವರೇ ಮೂವತ್ತು ಅಂದಿದ್ದಾರೆ. ನನಗೆ ಚೆನ್ನಾಗಿ ನೆನಪಿದೆ, ಫೋಟೊ ಹಾಕಿದ್ದೇ ಅದಕ್ಕೆ" ಅಂದ.

ಸುಳ್ಳು ಅನ್ನಲು ಕಿಡಿ ಬಾಯಿ ತೆರೆದ. ಆಗ ನೆನಪಾಯಿತು.

ಹೋದ ವರ್ಷ. ಅಂಗಡಿಯಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರ್ ನಿಂತಿದ್ದ. ಗೇಟಿನ ರೇಟಿಗೆ ಚೌಕಾಸಿ ಮಾಡುತ್ತ, ಹೆಣ್ಣುಮಗಳನ್ನು ಸಾಲ ಮಾಡಿ ಓದಿಸಿದೆಯಲ್ಲ, ಏನು ಗಿಟ್ಟಿತು ಅಂತ ಹಲ್ಲು ಕಿಸಿದಿದ್ದ. ಸರಿಯಾಗಿ ಅದೇ ಹೊತ್ತಿಗೆ ಫೋನ್. ಯಾವುದೋ ಹುಡುಗಿಯ ದನಿ: ಕಾಲೇಜಿನಿಂದ ಸರ್, ನಿಮ್ಮ ತಂಗಿ ಕೆಲಸದಲ್ಲಿದ್ದಾರಾ, ಸಂಬಳ ಎಷ್ಟು? ಕಿಡಿ ಫೋನಿಗೆ ಹೇಳಲಿಲ್ಲ, ಕಂಟ್ರಾಕ್ಟರನ ಮುಖಕ್ಕೆ ಹೇಳಿದ: ಮೂವತ್ತು ಸಾವಿರ. ಬೀದಿಗೆಲ್ಲ ಕೇಳುವ ಹಾಗೆ. ಕಂಟ್ರಾಕ್ಟರನ ಹಲ್ಲು ಒಳಗೆ ಹೋಯಿತು. ಆ ಖುಷಿಯಲ್ಲಿ ಕಿಡಿ ಫೋನನ್ನು ಮರೆತೇಬಿಟ್ಟಿದ್ದ.

ಸಭಾಂಗಣದಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಬಣ್ಣ ಬಳಿದವನು ತಾನೇ. ತಂಗಿಯನ್ನು ತಕ್ಕಡಿಗೆ ಹಾಕುವ ಮುಂಚೆ ಮೆತ್ತಗೆ ಪುಟ್ಟಿ ಮೆತ್ತಿದವನು ತಾನೇ. ಕೂತುಬಿಡಬಹುದಿತ್ತು. ತಂಗಿಗೆ ಮಾತು ಬೇರೆ ಕೊಟ್ಟಿದ್ದ. ಪಕ್ಕದಲ್ಲಿ ಲಾರಿಯವನ ಪೆನ್ನು ಅರ್ಜಿಯ ಮೇಲೆ ಇಳಿಯುತ್ತಿತ್ತು.

"ಹದಿಮೂರು" ಅಂದ ಕಿಡಿ. "ಆ ಫೋಟೊದಲ್ಲಿರೋದು ನನ್ನ ತಂಗಿ. ಅವಳ ಸಂಬಳ ಹದಿಮೂರು ಸಾವಿರ, ಕಂತು ಒಂಬತ್ತು. ಮೂವತ್ತು ಅಂತ ಸುಳ್ಳು ಹೇಳಿದವನು ನಾನು. ಆದರೆ ನಾನು ಪುಕ್ಕಟೆ ಹೇಳಿದೆ. ನೀವು ಅದನ್ನ ಮಾರಿದ್ರಿ."

ಪ್ಲಾಸ್ಟಿಕ್ ಹಾಳೆಗಳ ಚರಚರ ನಿಂತಿತು. ಟೈಯವನ ನಗು ಮಾತ್ರ ಹಾಗೇ ಇತ್ತು, ಬೆಸುಗೆ ಹಾಕಿದಂತೆ. ನಿಮ್ಮ ನೋವು ಅರ್ಥವಾಗುತ್ತದೆ ಸರ್, ಅಂಕಿ ತಪ್ಪಿದ್ದರೆ ಖಂಡಿತ ತಿದ್ದುತ್ತೇವೆ, ನಾಳೆಯೇ ಫೋನ್ ಮಾಡಿಸುತ್ತೇನೆ ಅಂದ. ಎರಡು ಕಡೆಯಿಂದ ಇಬ್ಬರು ಕಾವಲಿನವರು ಬಂದು, ಬನ್ನಿ ಸರ್, ಹೊರಗೆ ಮಾತಾಡೋಣ ಅಂದರು. ಹೊರಗೆ ಬಂದ ಮೇಲೆ ಅವರಿಗೆ ಮಾತಾಡುವುದು ಏನೂ ಇರಲಿಲ್ಲ.

ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಿರುಗದೆಯೇ, "ಒಂದು ವರ್ಷ ನನ್ನ ಹೊಟ್ಟೆ ಉರಿಸಿದ್ರಲ್ಲೋ. ಉರಿಯೋದಕ್ಕಾದರೂ ಒಂದು ನಿಜ ಕೊಡಬಾರದಿತ್ತೇ" ಅಂದಳು. ಯಾಕಮ್ಮ ಮಾತ್ರ ಕೇಳಬೇಕಾದದ್ದನ್ನೇ ಕೇಳಿದಳು:

"ಯಾಕಣ್ಣ ಸುಳ್ಳು ಹೇಳಿದೆ?"

ಬೆಳಗಿನಿಂದ ಕಿಡಿಯ ಒಳಗೆ ಕುದಿಯುತ್ತಿದ್ದ ಸಿಟ್ಟು ಆರಿರಲಿಲ್ಲ; ಹೊರಗೆ ಹೋಗಲು ಒಂದು ಬಾಗಿಲಿತ್ತು, ಈಗ ಆ ಬಾಗಿಲಲ್ಲಿ ಅವನೇ ಅಡ್ಡ ನಿಂತಿದ್ದ.

ರಾತ್ರಿ ಮನೆಯಲ್ಲಿ ಅವನು ನಡೆದದ್ದನ್ನು ಹೇಳಿದಾಗ ತಂಗಿ ಕೂಗಾಡಲಿಲ್ಲ. ಅದೇ ಅವನಿಗೆ ಹೆಚ್ಚು ಸುಟ್ಟಿತು. ಮೂವತ್ತು ಹೇಳುವಾಗಲೂ ನನ್ನ ಕೇಳಲಿಲ್ಲ, ಹದಿಮೂರು ಹೇಳುವಾಗಲೂ ನನ್ನ ಕೇಳಲಿಲ್ಲ, ಅಷ್ಟೇ ಅಂದಳು. ಆಮೇಲೆ, ನಾಳೆ ನನಗೆ ರಜೆ, ಫೋನ್ ಬರುವಾಗ ಅಂಗಡಿಯಲ್ಲಿ ನಾನಿರುತ್ತೇನೆ, ಚಿಕ್ಕಮ್ಮನನ್ನೂ ಯಾಕಮ್ಮನನ್ನೂ ಕರೆಸು ಅಂದಳು.

ಮರುದಿನ ಅಂಗಡಿಯಲ್ಲಿ ಒಂದು ದೊಡ್ಡ ಗೇಟು ತಯಾರಾಗಿ ನಿಂತಿತ್ತು. ಅದರ ಗಿರಾಕಿ ಹಲ್ಲಿನ ಡಾಕ್ಟರು, ತೂಕ ನೋಡಲು ಬಂದಿದ್ದರು. ಆಳು ಗೇಟನ್ನು ತಕ್ಕಡಿಯ ಕಡೆ ಸರಿಸುತ್ತಿದ್ದ. ಚಿಕ್ಕಮ್ಮ ಮೆಟ್ಟಿಲು ಹತ್ತಲೋ ಬೇಡವೋ ಅಂತ ಕೆಳಗೇ ನಿಂತಿದ್ದಳು. ಯಾಕಮ್ಮ ಅಕ್ಕನಿಗೆ ಅಂಟಿಕೊಂಡು ಕೂತು ಅವಳ ಹಳದಿ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ಬೋರ್ಡಿನ ಫೋಟೊದಲ್ಲಿ ಆ ಬೆರಳು ಬೆಳ್ಳಗಿದ್ದವು.

ಫೋನ್ ಬಂತು. ತಂಗಿ ಅದನ್ನು ಅಣ್ಣನ ಕೈಯಿಂದ ತೆಗೆದುಕೊಂಡು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಮತ್ತೆ ಹುಡುಗಿಯ ದನಿ, ದಣಿದ ದನಿ. ಸಂಬಳದ ವಿವರ ತಿದ್ದಬೇಕಂತಲ್ಲ ಮೇಡಂ?

"ಹೌದು. ಹದಿಮೂರು ಸಾವಿರ. ಗುತ್ತಿಗೆ ಕೆಲಸ. ಬರ್ಕೊಳ್ಳಿ."

ಆಚೆ ಕಡೆ ಕೀಬೋರ್ಡಿನ ಟಕಟಕ. ಆಮೇಲೆ, "ಮೇಡಂ, ನಿಮ್ಮನ್ನ 'ಮುಂದಿನ ಓದಿಗೆ ತಯಾರಿ ನಡೆಸಿದ್ದಾರೆ' ಅಂತ ಹಾಕಲಾ?"

"ನಾನು ಓದ್ತಾ ಇಲ್ಲ. ಕೆಲಸ ಮಾಡ್ತಾ ಇದ್ದೀನಿ."

"ಗೊತ್ತು ಮೇಡಂ. ಓದ್ತಿದ್ದಾರೆ ಅಂತ ಹಾಕಿದ್ರೆ ನಿಮ್ಮ ಸಂಬಳ ಲೆಕ್ಕಕ್ಕೆ ಬರಲ್ಲ. ಇಲ್ಲಾಂದ್ರೆ ಸರಾಸರಿ ಕೆಡುತ್ತೆ."

ಕಿಡಿ ಮುಂದೆ ನುಗ್ಗಿದ. ತಂಗಿ ಅಂಗೈ ಎತ್ತಿ ತಡೆದಳು. ಹಾಗೆ ಇನ್ನೂ ಎಷ್ಟು ಜನರನ್ನು ಓದಲು ಕೂರಿಸಿದ್ದೀರಿ ಅಂತ ಮೆಲ್ಲಗೆ ಕೇಳಿದಳು. ಆ ಹುಡುಗಿ ಅದನ್ನೆಲ್ಲ ಹೇಳುವ ಹಾಗಿಲ್ಲ ಅಂದಳು. ನೀವೂ ಅಲ್ಲೇ ಓದಿದವರಾ ಅಂತ ತಂಗಿ ಕೇಳಿದಳು. ಹೌದು ಅಂತು ಆ ದನಿ, ಇನ್ನೂ ಸಣ್ಣಗಾಗಿ. ಕೆಮಿಸ್ಟ್ರಿಯೇ. ಇಲ್ಲಿ ಹನ್ನೊಂದು ಕೊಡುತ್ತಾರೆ.

ಯಾಕಮ್ಮ ಫೋನಿನ ಹತ್ತಿರ ಬಗ್ಗಿದಳು. "ಮತ್ತೆ ನಿಮ್ಮ ಹೆಸರಿನ ಮುಂದೆ ಎಷ್ಟು ಅಂತ ಬರೆದಿದ್ದಾರೆ ಅಕ್ಕ?"

ಫೋನ್ ಕಟ್ಟಾಯಿತು.

ಹಲ್ಲಿನ ಡಾಕ್ಟರು ತಮ್ಮ ಚಪ್ಪಲಿ ನೋಡುತ್ತಿದ್ದರು. ಚಿಕ್ಕಮ್ಮ ಯಾವಾಗ ಮೆಟ್ಟಿಲು ಹತ್ತಿ ಒಳಗೆ ಬಂದಳೋ, ಚೀಲದಿಂದ ಬ್ಯಾಂಕಿನ ಕಾಗದ ತೆಗೆದು, ಎರಡಾಗಿ, ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ ಸ್ಟೂಲಿನ ಕಾಲಿನ ಕೆಳಗೆ ತುರುಕಿ ಅದರ ಮೇಲೆ ಕೂತಳು. ಈಗ ಸರಿಯಾಯ್ತು ಅಂದಳು. ಯಾಕಮ್ಮ ಅಕ್ಕನನ್ನೇ ನೋಡುತ್ತಿದ್ದಳು. ನನಗೆ ಕೆಮಿಸ್ಟ್ರಿಯೇ ಬೇಕು ಅಂದಳು, ಅಳು ತಡೆದ ದನಿಯಲ್ಲಿ. ಬೇಕು ಅನ್ನು, ಆದರೆ ಅಲ್ಲಿ ಬೇಡ ಅಂದಳು ತಂಗಿ. ಸರ್ಕಾರಿ ಕಾಲೇಜಿದೆ, ಎರಡು ಬಸ್ಸು ಬದಲಾಯಿಸಬೇಕು, ಸೀಟು ಕಡಿಮೆ, ಸಿಗದೆಯೂ ಹೋಗಬಹುದು. ಸಿಕ್ಕರೆ ಸಾಲ ಇಲ್ಲ. ಕೆಲಸ ಆಮೇಲೂ ಇಂಥದ್ದೇ ಇರಬಹುದು, ಅದನ್ನೂ ಈಗಲೇ ಹೇಳುತ್ತೇನೆ ಅಂದಳು.

ಕಿಡಿ ತಕ್ಕಡಿಯ ಹತ್ತಿರ ಹೋದ. ಆಳು ಗೇಟಿನ ಮೇಲೆ ಕೈ ಊರಿಕೊಂಡು ಬಾಯಿ ತೆರೆದು ಈ ನಾಟಕ ನೋಡುತ್ತಿದ್ದ.

"ಕೈ ತೆಗಿಯೋ" ಅಂದ ಕಿಡಿ. "ತೂಕ ಆಗ್ತಿದೆ."

ಮುಂದಿನ ವಾರ ಬಸ್ ಸ್ಟಾಪಿನ ಬೋರ್ಡಿನಲ್ಲಿ ತಂಗಿಯ ಫೋಟೊ ಇರಲಿಲ್ಲ. ಬೇರೆ ಯಾರೋ ಹುಡುಗಿ, ಅದೇ ಬಿಳಿ ಕೋಟು, ಅದೇ ನೀಲಿ ನೀರಿನ ಗಾಜು, ಅದೇ ನಗು. ಕಿಡಿ ಗಾಡಿ ನಿಲ್ಲಿಸಿ ಕೆಳಗಿನ ಅಂಕಿ ಓದಿದ. ಅವನ ಮೂವತ್ತು ತೆಗೆದಿದ್ದರು, ತಂಗಿಯ ಹದಿಮೂರು ಹಾಕಿರಲಿಲ್ಲ. ಆದರೂ ಸರಾಸರಿ ಇಪ್ಪತ್ತೆಂಟೇ ಇತ್ತು, ಕೂದಲೆಳೆಯಷ್ಟೂ ಕದಲಿರಲಿಲ್ಲ. ಒಬ್ಬ ಅಣ್ಣನ ಸುಳ್ಳು ಕಿತ್ತರೂ ಅಲ್ಲಾಡದೆ ನಿಲ್ಲಬೇಕಾದರೆ ಅದರ ಹಿಂದೆ ಇನ್ನೂ ಎಷ್ಟು ಅಂಗಡಿಗಳಲ್ಲಿ, ಎಷ್ಟು ಹಲ್ಲು ಕಿಸಿಯುವವರ ಎದುರಿಗೆ, ಎಷ್ಟು ಅಣ್ಣಂದಿರು, ಎಷ್ಟು ಅಮ್ಮಂದಿರು ಫೋನಿಗೆ ಗಟ್ಟಿಯಾಗಿ ಕೂಗಿರಬೇಕು. ಸರಾಸರಿ ಅಂದರೆ ಏನು ಅಂತ ಅವನಿಗೆ ಅವತ್ತು ಅರ್ಥವಾಯಿತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸದೆ ಇದನ್ನೇ ಹೇಳಿದ್ದರೆ, ಇಳಿದು ಹೋಗುವ ಮುಂಚೆ ಇಂಥ ಬೋರ್ಡಿಗೆ ಬೀಸಲು ಕಲ್ಲೊಂದನ್ನು ಹುಡುಕಿ ಇಟ್ಟುಕೊಳ್ಳುತ್ತಿದ್ದ.